ಸೋಡಾಕ್ಕೆ ಅಭಿಷೇಕ

ಹೊಳೆಯ ದಂಡೆಗೆ ಒಂದು ಆಶ್ರಮ. ಆಶ್ರಮಕ್ಕೆ ಒಬ್ಬ ಗುರು. ಗುರುವಿಗೆ ಹನ್ನೊಂದು ಹಲ್ಲು.

ಹಲ್ಲಿನ ಲೆಕ್ಕ ಯಾಕೆಂದರೆ, ಈ ಕಥೆ ಅರ್ಧಕ್ಕೆ ಬರುವುದರೊಳಗೆ ಅದರಲ್ಲಿ ಒಂದು ಹೋಗಲಿದೆ.

ಗುರುವಿನ ಹೆಸರು ನಾಗಯ್ಯ. ಸುತ್ತಲಿನ ಹಳ್ಳಿಯವರು ಅಜ್ಜಾರು ಎನ್ನುತ್ತಿದ್ದರು. ಸನ್ಯಾಸಕ್ಕೆ ಬರುವ ಮೊದಲು ಅವರು ಮೂವತ್ತೊಂದು ವರ್ಷ ಒಂದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಅಟೆಂಡರ್ ಆಗಿದ್ದರು. ಬಾಟಲಿ ತೊಳೆಯುವುದು, ಹುಡುಗರಿಗೆ ಬೇಕಾದಷ್ಟು ಆಸಿಡ್ಡನ್ನು ನೀರಿಗೆ ಬೆರೆಸಿಡುವುದು, ಮೈಮೇಲೆ ಚೆಲ್ಲಿಕೊಂಡವರನ್ನು ಹಿಡಿದು ನಳದ ಕೆಳಗೆ ತಳ್ಳುವುದು, ಇಷ್ಟು ಅವರ ಕೆಲಸ. ನಿವೃತ್ತಿಯಾದ ಮರುದಿನ ಖಾಕಿ ಕಳಚಿ ಕಾವಿ ಉಟ್ಟರು. ಎರಡೂ ಕಲೆ ಕಾಣದ ಬಣ್ಣ, ದೊಡ್ಡ ಬದಲಾವಣೆಯೇನೂ ಅಲ್ಲ ಎನ್ನುತ್ತಿದ್ದರು.

ಬೇರೆ ಕಡೆ ಪ್ರಸಾದವೆಂದು ಸಕ್ಕರೆ ಕೊಡುತ್ತಾರೆ. ಇಲ್ಲಿ ಬಟ್ಟೆ ಸಾಬೂನು ಕೊಡುತ್ತಿದ್ದರು. ಹೊಂಗೆ ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಸೇರಿಸಿ ಅಜ್ಜಾರು ತಾವೇ ಕಲಕಿ ಮಾಡಿದ ಸಾಬೂನು. ಮನಸ್ಸು ತೊಳೆಯುವುದು ನಿಧಾನದ ಕೆಲಸ, ಅಷ್ಟರೊಳಗೆ ಧೋತರವನ್ನಾದರೂ ತೊಳೆದುಕೊಳ್ಳಿ ಎಂದು ಬಂದವರ ಕೈಗೆ ಒಂದೊಂದು ತುಂಡು ಇಡುತ್ತಿದ್ದರು.

ಈ ಆಶ್ರಮಕ್ಕೆ ಒಂದು ದಿನ ಈರಸಂಗಪ್ಪ ಬಂದ.

ರಸಾಯನಶಾಸ್ತ್ರದಲ್ಲಿ ಎಂಎಸ್ಸಿ. ಬಂಗಾರದ ಪದಕ. ಪದಕವನ್ನು ಮನೆಯಲ್ಲಿ ಬಿಟ್ಟು ಬಂದಿದ್ದೇನೆ ಎಂದು ಅವನು ಮೊದಲ ದಿನವೇ ಮೂರು ಸಲ ಹೇಳಿದ. ತನಗೆ ಪ್ರಪಂಚ ಸಾಕಾಗಿದೆ, ದೀಕ್ಷೆ ಬೇಕು ಎಂದ.

ಅಜ್ಜಾರು ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಯಾರಪಾ ನೀನು?"

"ನಾನು ಪ್ರಬಲ ಆಮ್ಲ ಇದ್ದಂಗ್ರಿ ಅಜ್ಜಾರ. ಸುಳ್ಳು ಕಂಡ್ರ ಸುಡ್ತೀನಿ. ಅದಕ್ಕ ಊರಾಗ ಯಾರ ಕೂಡೂ ನನಗ ಹೊಂದಂಗಿಲ್ಲ."

"ಚಾಪಿ ತಂದೀಯೇನು?"

"ತಂದೀನ್ರಿ."

"ಒಳಗ ಹಾಸ್ಕೋ."

ಆಶ್ರಮದಲ್ಲಿ ಒಂದು ಪದ್ಧತಿ ಇತ್ತು. ದೀಕ್ಷೆ ಬೇಕೆಂದವನು ದಿನಾ ಬೆಳಗ್ಗೆ ಲಿಂಗದ ಮೇಲೆ ನೂರೆಂಟು ತಂಬಿಗೆ ನೀರು ಸುರಿಯಬೇಕು. ಧಾರೆ ನಡುವೆ ತುಂಡಾಗಬಾರದು, ಎಣಿಕೆ ತಪ್ಪಬಾರದು. ಈರಸಂಗ ಆರು ತಿಂಗಳು ಸುರಿದ. ಒಂದು ದಿನವೂ ತಪ್ಪಿಸಲಿಲ್ಲ. ನಿಷ್ಠೆಯ ಮಟ್ಟಿಗೆ ಹುಡುಗ ಚೊಕ್ಕ ಬಂಗಾರ.

ಕಷ್ಟವೆಲ್ಲ ಇದ್ದದ್ದು ನಾಲಿಗೆಯಲ್ಲಿ.

ಭಜನೆಯಲ್ಲಿ ಒಬ್ಬ ಗೌಡರು ಕಣ್ಣೀರು ಹಾಕಿದರೆ, ಅದು ಭಕ್ತಿಯಲ್ಲ, ಊದಿನಕಡ್ಡಿಯ ಹೊಗೆ ಎಂದ. ಹರಕೆ ಹೊತ್ತು ಬೋಳಿಸಿಕೊಂಡು ಬಂದ ಮಾಸ್ತರಿಗೆ, ನಿಮ್ಮ ಕೂದಲು ಹೇಗೂ ಉದುರುತ್ತಿತ್ತು, ದೇವರಿಗೆ ಕೊಟ್ಟಂತೆ ಲೆಕ್ಕ ತೋರಿಸಿದಿರಿ ಎಂದ. ಎರಡೂ ನಿಜವೇ ಇರಬಹುದು. ಗೌಡರು ಮತ್ತೆ ಬರಲಿಲ್ಲ. ಮಾಸ್ತರು ಬಂದರು, ಆದರೆ ಟೊಪ್ಪಿಗೆ ಹಾಕಿಕೊಂಡು ಬಂದರು.

ಅಜ್ಜಾರು ಇದನ್ನೆಲ್ಲ ನೋಡಿ ಸುಮ್ಮನಿದ್ದರು. ಗೌಡರು ಹೋದರೆ ಆಶ್ರಮ ನಡೆಯುತ್ತದೆ. ಬಾಳವ್ವ ಹೋದರೆ ನಡೆಯುವುದಿಲ್ಲ.

ಬಾಳವ್ವ ಆಶ್ರಮದ ಅಡುಗೆಯವಳು. ಹನ್ನೆರಡು ವರ್ಷದಿಂದ ದಿನಕ್ಕೆ ನೂರು ಜೋಳದ ರೊಟ್ಟಿ ಬಡಿಯುವ ಹೆಂಗಸು. ಬಡಿಯುವಾಗ ಹಾಡುತ್ತಿದ್ದಳು. ಹಾಡು ಅವಳದೇ. ಹಿಟ್ಟಿನ ಜೊತೆ ಮಾತಾಡಿದಂತೆ ಏನೋ ಒಂದು. ಅದರ ಲಯಕ್ಕೆ ಕೈ ಬೀಳುತ್ತಿತ್ತು, ಕೈ ಬಿದ್ದ ಹಾಗೆ ರೊಟ್ಟಿ ತಿರುಗುತ್ತಿತ್ತು, ತಿರುಗಿದಷ್ಟೂ ತೆಳ್ಳಗಾಗುತ್ತಿತ್ತು. ಅವಳ ರೊಟ್ಟಿಯನ್ನು ಬಿಸಿಲಿಗೆ ಹಿಡಿದರೆ ಆಚೆ ಕಡೆಯ ಹೊಳೆ ಕಾಣುತ್ತದೆ ಎಂದು ಜನ ಹೇಳುತ್ತಿದ್ದರು. ಜನ ಸ್ವಲ್ಪ ಹೆಚ್ಚಿಗೆ ಹೇಳುತ್ತಾರೆ, ಆದರೂ ರೊಟ್ಟಿ ತೆಳ್ಳಗಿತ್ತು.

ಒಂದು ಮುಂಜಾನೆ ಈರಸಂಗ ಅಡುಗೆಮನೆಯ ಬಾಗಿಲಲ್ಲಿ ನಿಂತು, ನಿನ್ನ ಹಾಡು ಅರ್ಧ ಸ್ವರ ಕೆಳಗಿದೆ ಬಾಳವ್ವ, ದೇವರಿಗೂ ಕಿವಿ ಇರುತ್ತವೆ ಎಂದ.

ಬಾಳವ್ವ ಹಾಡು ನಿಲ್ಲಿಸಿದಳು.

ಆ ದಿನ ರೊಟ್ಟಿ ದಪ್ಪ ಬಂದವು. ಮರುದಿನ ಇನ್ನೂ ದಪ್ಪ. ಮೂರನೆಯ ದಿನ ಅಜ್ಜಾರು ಒಂದು ತುಂಡು ಕಚ್ಚಿದರು. ಕಟ್ ಎಂದಿತು. ರೊಟ್ಟಿ ಹಾಗೇ ಇತ್ತು.

ಉಳಿದ ಹತ್ತು ಹಲ್ಲಿನಲ್ಲಿ ಅಜ್ಜಾರು ಬಾಳವ್ವನನ್ನು ಕರೆದು ವಿಚಾರಿಸಿದರು. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ತನ್ನ ತಾಯಿ ಸತ್ತ ವರ್ಷ ಕಟ್ಟಿದ ಹಾಡು ಅದು, ಇಷ್ಟು ವರ್ಷ ಹಿಟ್ಟು ಕೇಳಿತು, ನೀವು ಕೇಳಿದಿರಿ, ಯಾರೂ ಕೊರತೆ ಹೇಳಲಿಲ್ಲ ಎಂದಳು. ಈಗ ಬಾಯಿ ತೆರೆದರೆ ಅರ್ಧ ಸ್ವರ, ಅರ್ಧ ಸ್ವರ ಎಂದೇ ಕೇಳಿಸುತ್ತದೆ ಎಂದಳು. ಹಾಗೆ ಹೇಳುವಾಗ ಅವಳ ಕಣ್ಣು ತುಂಬಿದವು. ಒಲೆಯ ಹೊಗೆಯಿಂದ ಅಲ್ಲ.

"ಅಂವ ಇರಬೇಕು, ಇಲ್ಲಾ ನಾ ಇರಬೇಕು," ಎಂದಳು.

ಅಜ್ಜಾರು ಈರಸಂಗನನ್ನು ಕರೆದರು.

"ಅಮಾಸಿಗೆ ಒಂಬತ್ತ ದಿನ ಅದಾವ. ಬಾಳವ್ವ ನಿನ್ನ ಇರು ಅಂದ್ರ ಅವತ್ತ ದೀಕ್ಷಾ. ಅನ್ನಲಿಲ್ಲಂದ್ರ ಮುಂಜಾನಿ ಏಳರ ಬಸ್ಸು."

ಈರಸಂಗ ಬೆಚ್ಚಿಬಿದ್ದ. ಆರು ತಿಂಗಳಲ್ಲಿ ಸುರಿದ ಅಷ್ಟೂ ತಂಬಿಗೆ ನೀರು ಒಬ್ಬ ಅಡುಗೆಯವಳ ಮಾತಿನ ಮೇಲೆ ನಿಂತಿತಲ್ಲ ಎಂದು ಅವನಿಗೆ ಸಂಕಟವಾಯಿತು. ತಾನು ಹೇಳಿದ್ದು ಸುಳ್ಳೇ ಎಂದು ಕೇಳಿದ.

"ಅಲ್ಲ."

"ಮತ್ತ ನಾ ಯಾಕ ಹೋಗಬೇಕ್ರಿ?"

"ಶಿಷ್ಯಾರು ಇನ್ನೂ ಬರ್ತಾರ ತಮ್ಮಾ. ಅಂಥಾ ರೊಟ್ಟಿ ಬಡಿಯಾಕಿನ್ನ ಎಲ್ಲಿಂದ ತರ್ಲಿ?"

ಅಜ್ಜಾರು ನಾಲಿಗೆಯಿಂದ ಹಲ್ಲಿನ ಖಾಲಿ ಜಾಗವನ್ನು ಒಮ್ಮೆ ಸವರಿಕೊಂಡರು. ನಾಳೆ ಪೂಜೆ ಮುಗಿಸಿ ಸಾಬೂನಿನ ಕೊಟ್ಟಿಗೆಗೆ ಹೋಗು, ಸೋಡಾ ನೀರು ನೀನೇ ಮಾಡಿಡು ಎಂದರು.

ಈರಸಂಗನಿಗೆ ಸ್ವಲ್ಪ ಸಮಾಧಾನವಾಯಿತು. ಸೋಡಾ ಕರಗಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ.

ಮರುದಿನ ಅವನು ನೂರೆಂಟು ತಂಬಿಗೆ ಸುರಿದು, ಒದ್ದೆ ಧೋತರದಲ್ಲೇ ಕೊಟ್ಟಿಗೆಗೆ ಬಂದ. ಸ್ಟೀಲಿನ ಬೋಗುಣಿಗೆ ಕಾಸ್ಟಿಕ್ ಸೋಡಾದ ಬಿಳಿ ಹಳಕುಗಳನ್ನು ಸುರಿದ. ಬೋಗುಣಿಯ ನಡುವೆ ಅದು ಗುಂಡಗೆ, ಬೆಳ್ಳಗೆ ಕುಳಿತುಕೊಂಡಿತು. ಕೈಯಲ್ಲಿ ತಂಬಿಗೆ ಇತ್ತು. ಬಾಯಲ್ಲಿ ಮಂತ್ರ ಇನ್ನೂ ನಿಂತಿರಲಿಲ್ಲ.

ಅವನ ಕೈ ತನಗೆ ಗೊತ್ತಿದ್ದ ಕೆಲಸ ಮಾಡಿತು. ಎತ್ತಿ, ಮೇಲಿಂದ, ಧಾರೆಯಾಗಿ ನೀರು ಸುರಿಯಿತು.

ಒಂದು. ಎರಡು.

ಮೂರನೆಯ ತಂಬಿಗೆಗೆ ಬೋಗುಣಿ ಬುಸ್ ಎಂದಿತು. ಕುದಿಯಿತು, ಹಾರಿತು, ಸಿಡಿಯಿತು. ಎಣಿಕೆ ನೆನಪಿಟ್ಟುಕೊಳ್ಳಲು ಅವನು ಮುಖ ಆಚೆ ತಿರುಗಿಸಿದ್ದರಿಂದ ಕಣ್ಣು ಉಳಿದವು. ತೋಳಿನ ಮೇಲೆ ಹನಿ ಬಿದ್ದವು. ಧೋತರದ ಮೇಲೂ ಬಿದ್ದವು. ಈರಸಂಗ ದೇವರ ಹೆಸರು ಬಿಟ್ಟು ಅವ್ವನ ಹೆಸರು ಕೂಗಿದ.

ಎಪ್ಪತ್ತೆರಡು ವರ್ಷದ ಅಜ್ಜಾರು ಹೇಗೆ ಓಡಿ ಬಂದರೋ ಗೊತ್ತಿಲ್ಲ. ಕುತ್ತಿಗೆಗೆ ಕೈ ಹಾಕಿದರು, ಎಳೆದುಕೊಂಡು ಹೋದರು, ಮೆಟ್ಟಿಲ ಮೇಲಿಂದ ಹೊಳೆಗೆ ತಳ್ಳಿದರು. ಮೂವತ್ತೊಂದು ವರ್ಷದ ಕೈ ಅದು.

ಈರಸಂಗ ಕುತ್ತಿಗೆ ಮಟ್ಟದ ನೀರಿನಲ್ಲಿ ಎದ್ದು ನಿಂತ.

"ಮ್ಯಾಲೆ ಬರಬ್ಯಾಡ," ಎಂದರು ಅಜ್ಜಾರು. "ಅಲ್ಲೇ ಇರು. ತೋಳು ನೀರಾಗ ಇರ್ಲಿ."

ತಾವು ಮೆಟ್ಟಿಲ ಮೇಲೆ ಕುಳಿತರು. ಉಸಿರು ಹದಕ್ಕೆ ತಂದುಕೊಂಡು ಕೇಳಿದರು.

"ಸುಡೋ ವಸ್ತು, ನೀರು. ಯಾವುದರಾಗ ಯಾವುದನ್ನ ಹಾಕಬೇಕು?"

"ನೀರಿನಾಗ ಸುಡೋದನ್ನ ಹಾಕಬೇಕ್ರಿ. ಸಾವಕಾಶ, ಸ್ವಲ್ಪ ಸ್ವಲ್ಪ. ಕಲಕ್ಕೋತ."

"ಇದನ್ನ ಯಾವಾಗ ಕಲ್ತಿ?"

"ಒಂಬತ್ತನೇ ಇಯತ್ತೆದಾಗ್ರಿ."

"ಮತ್ತ?"

ಈರಸಂಗ ನೀರು ನೋಡಿದ. "ಕೈ ಅಭಿಷೇಕ ಮಾಡಿಬಿಡ್ತ್ರಿ."

ಅಜ್ಜಾರು ನಗಲಿಲ್ಲ. ನಗು ತಡೆಯಲು ಅವರಿಗೆ ಬಹಳ ಕಷ್ಟವಾಯಿತು.

"ಯಾಕ ಸಿಡೀತು?"

ವಿಷಯ ಗೊತ್ತಿರುವವನಿಗೆ ಹೊಳೆಯಲ್ಲಿ ನಿಂತಾಗಲೂ ಪಾಠ ಹೇಳುವ ಹುಕಿ ಬರುತ್ತದೆ. ಹಲ್ಲು ಕಟಕಟ ಎನ್ನುತ್ತಲೇ ಈರಸಂಗ ವಿವರಿಸಿದ. ಸೋಡಾ ಕರಗುವಾಗ ಬಿಸಿ ಏಳುತ್ತದೆ. ನೀರು ಬಹಳ ಇದ್ದರೆ ಅದು ಆ ಬಿಸಿಯನ್ನು ನುಂಗಿಕೊಳ್ಳುತ್ತದೆ. ಸೋಡಾದ ರಾಶಿಯ ಮೇಲೆ ಸ್ವಲ್ಪ ನೀರು ಬಿದ್ದರೆ ಆ ಸ್ವಲ್ಪ ನೀರು ಅಲ್ಲೇ ಕುದ್ದು ಸಿಡಿಯುತ್ತದೆ. ಗಂಧಕಾಮ್ಲದ ಸ್ವಭಾವವೂ ಇದೇ.

"ಅಂದ್ರ ನೀರಿನ ತಪ್ಪಲ್ಲ."

"ಅಲ್ರಿ."

"ಬಾಳವ್ವನ ತಪ್ಪೂ ಅಲ್ಲ."

ಒಂದು ಮೀನು ಬಂದು ಅವನ ಕಾಲು ಮುಟ್ಟಿ ಹೋಯಿತು.

"ಪ್ರಬಲ, ಪ್ರಬಲ ಅಂತೀಯಲ್ಲ," ಎಂದರು ಅಜ್ಜಾರು. "ನಾ ಬಾಟ್ಲಿ ತೊಳದಾಂವ, ನನಗ ತಿಳಿಯಂಗಿಲ್ಲ. ಪ್ರಬಲ ಅಂದ್ರ ಏನು? ಬಹಳ ಸುಡೋದೇನು?"

"ಅಲ್ರಿ. ಸುಡೋದು ಬ್ಯಾರೆ. ನೀರಿಗೆ ಬಿದ್ದ ಕೂಡ್ಲೆ ಪೂರಾ ಬಿಚ್ಚಿಕೊಳ್ಳೋದು ಪ್ರಬಲ. ನೂರಕ್ಕ ನೂರು. ಒಂದು ಕಣಾನೂ ಇಡಿಯಾಗಿ ಉಳಿಯಂಗಿಲ್ಲ. ಆಮ್ಲ ಇರ್ಲಿ, ಸೋಡಾದಂಥ ಪ್ರತ್ಯಾಮ್ಲ ಇರ್ಲಿ, ಅದ ಕಟ್ಟಳೆ."

"ಲಿಂಬಿಹುಳಿ?"

"ಅದು ದುರ್ಬಲ್ರಿ. ನೂರಕ್ಕ ಹತ್ತೂ ಬಿಚ್ಚಂಗಿಲ್ಲ. ಉಳದಾವು ನೀರಿನಾಗ ಇದ್ರೂ ತಮ್ಮನ್ನ ತಾವ ಗಟ್ಟಿ ಹಿಡ್ಕೊಂಡ ಇರ್ತಾವ."

"ಇಲ್ಲಿ ಬಂದು ಆರ ತಿಂಗಳಾತು. ನಿನ್ನವು ನೂರಕ್ಕ ಎಷ್ಟ ಬಿಚ್ಚ್ಯಾವ?"

ಈರಸಂಗ ತೋಳನ್ನು ಇನ್ನೂ ಆಳಕ್ಕೆ ಮುಳುಗಿಸಿದ.

"ನೀ ಆಸಿಡ್ ಅಲ್ಲ ತಮ್ಮಾ," ಎಂದು ಅಜ್ಜಾರು ಎದ್ದರು. "ಲಿಂಬಿಕಾಯಿ. ಇನ್ನ ಮ್ಯಾಲೆ ಬಾ."

ತೋಳಿನ ಮೇಲೆ ನಾಲ್ಕು ಕೆಂಪು ಚುಕ್ಕೆ ಉಳಿದವು, ಧೋತರದಲ್ಲಿ ಹನ್ನೆರಡು ತೂತು. ಅದಾವುದೂ ಈರಸಂಗನಿಗೆ ಉರಿಯಲಿಲ್ಲ. ಲಿಂಬಿಕಾಯಿ ಅಂದದ್ದು ಮಾತ್ರ ರಾತ್ರಿಯ ಊಟದವರೆಗೂ ಉರಿಯಿತು.

ಎರಡನೆಯ ದಿನ ಅವನು ಬಾಳವ್ವನ ಕ್ಷಮೆ ಕೇಳಲು ಹೊರಟ. ಏನು ಹೇಳಬೇಕೆಂದು ಕಾಗದದ ಮೇಲೆ ಬರೆದುಕೊಂಡಿದ್ದ. ಅಡುಗೆಮನೆಯ ಹೊರಗೆ ನಿಂತು, ಬಾಳವ್ವ, ಸ್ವಲ್ಪ ಹೊರಗೆ ಬಾ ಎಂದು ಕರೆದ.

ಸ್ವಲ್ಪ ಹೊತ್ತಿಗೆ ಅಜ್ಜಾರ ಹತ್ತಿರ ಓಡುತ್ತ ಬಂದ. ಹಿಂದೆ ಸೌಟು ಹಿಡಿದ ಬಾಳವ್ವ ಅರ್ಧ ಅಂಗಳದವರೆಗೆ ಬಂದು ನಿಂತಿದ್ದಳು.

"ಏನಂದಿ ಆಕಿಗೆ?"

"ತಪ್ಪಾತು ಅಂದೆನ್ರಿ. ಅರ್ಧ ಸ್ವರ ಅಂದದ್ದು ತಪ್ಪು ಅಂದೆ."

"ಛಲೋ ಆತಲ್ಲ."

"ಸರಿಯಾಗಿ ನೋಡಿದ್ರ ಇಳದದ್ದು ಕಾಲು ಸ್ವರ ಅಷ್ಟ, ಅಂದೆ."

ಅಜ್ಜಾರು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡರು. ಧ್ಯಾನವೆಂದು ಈರಸಂಗ ಕೈಮುಗಿದ. ಧ್ಯಾನ ಆಗಿರಲಿಲ್ಲ.

"ಒಳಗ ಹೋಗಿದ್ದಿಯೇನು, ಆಕಿನ್ನ ಹೊರಗ ಕರದಿಯೇನು?"

"ಕರದೆನ್ರಿ."

"ಮತ್ತ ಸೋಡಾದ ಮ್ಯಾಲೆ ನೀರು. ಸುಡಾಂವ ನೀನ, ನೀರಿದ್ದಲ್ಲಿ ನೀನ ಹೋಗಬೇಕು."

ಈರಸಂಗ ಸೋತು ಕುಳಿತ. ತಾನು ಆಮ್ಲ, ಬಾಳವ್ವ ಸೋಡಾಕ್ಕಿಂತ ಜಬರದಸ್ತು, ಇಬ್ಬರೂ ಕೂಡಿದರೆ ಬರೀ ಉರಿ ಏಳುತ್ತದೆ ಎಂದ. ತನ್ನನ್ನು ಲಿಂಬಿಕಾಯಿ ಅಂದದ್ದನ್ನು ಅವನಿನ್ನೂ ಪೂರ್ತಿ ಒಪ್ಪಿಕೊಂಡಿರಲಿಲ್ಲ.

"ಉರಿ ಆರಿದ ಮ್ಯಾಲೆ ಏನ ಉಳೀತೈತಿ?" ಎಂದು ಅಜ್ಜಾರು ಕೇಳಿದರು.

"ಉಪ್ಪು, ನೀರು."

"ಸಾರಿಗೆ ಮೊದಲ ಬೇಕಾದ್ದು ಅವೆರಡ ಅಲ್ಲೇನು?"

ಮೂರನೆಯ ದಿನ ಈರಸಂಗ ಸಾಬೂನಿನ ಕೊಟ್ಟಿಗೆಯ ಹತ್ತಿರ ಒಬ್ಬನೇ ಕುಳಿತಿದ್ದ. ಊಟ ಮಾಡಿರಲಿಲ್ಲ. ಅಜ್ಜಾರು ಬಂದು ಪಕ್ಕಕ್ಕೆ ಕುಳಿತರು.

"ಅಜ್ಜಾರ," ಎಂದ ಈರಸಂಗ. "ನನಗ ಅಂಜಿಕಿ ಆಗತೈತ್ರಿ."

"ಯಾತರದು?"

"ಸಣ್ಣಾಂವ ಇದ್ದಾಗಿಂದ ಎಲ್ಲಾರಕಿಂತ ಶಾಣ್ಯಾ ಅಂತ ಬೆಳದಾಂವ ನಾನು. ಇದು ಸರಿ, ಇದು ತಪ್ಪು ಅಂತ ಹೇಳೋದು ಬಿಟ್ರ ನನ್ನ ಹತ್ರ ಬ್ಯಾರೆ ಏನೂ ಇಲ್ರಿ. ಪೂರಾ ಬಿಚ್ಚಿಕೊಂಡ ಮ್ಯಾಲೆ ನಾನಂತ ಏನ ಉಳೀತೈತಿ?"

ಆರು ತಿಂಗಳಲ್ಲಿ ಅವನು ಆಡಿದ ಮೊದಲ ಖರೇ ಮಾತು ಇದು. ಉಳಿದದ್ದೆಲ್ಲ ಬರೀ ಸರಿಯಾದ ಮಾತು.

ಅಜ್ಜಾರು ಸಾಬೂನಿನ ಪರೀಕ್ಷೆಗೆಂದು ಈರಸಂಗ ತಂದಿಟ್ಟುಕೊಂಡಿದ್ದ ಎರಡು ಆಮ್ಲದ ಬಾಟಲಿ ತರಿಸಿದರು. ಒಂದು ಹೈಡ್ರೋಕ್ಲೋರಿಕ್, ಒಂದು ನೈಟ್ರಿಕ್, ಎರಡೂ ಮುಚ್ಚಳ ತೆಗೆದರೆ ಹೊಗೆ ಬಿಡುವಂಥವು. ಎರಡು ಗಾಜಿನ ಲೋಟದಲ್ಲಿ ಸಮಸಮ ನೀರು ತುಂಬಿಸಿ, ಎರಡಕ್ಕೂ ಆಮ್ಲ ಒಂದೇ ಬಲ ಬರುವಂತೆ ಲೆಕ್ಕ ಹಾಕಿ ಬೆರೆಸು ಎಂದರು. ಲೆಕ್ಕದಲ್ಲಿ ಹುಡುಗ ತಪ್ಪುವವನಲ್ಲ. ಈ ಸಲ ನೀರಿಗೇ ಆಮ್ಲ ಹಾಕಿದ. ಹನಿ ಹನಿಯಾಗಿ, ಕಲಕುತ್ತ.

ಅಜ್ಜಾರು ಅವನನ್ನು ಆಚೆ ತಿರುಗಿ ಕೂರಲು ಹೇಳಿ ಲೋಟಗಳ ಜಾಗ ಬದಲಿಸಿದರು. ಬದಲಿಸಿದರೋ ಇಲ್ಲವೋ, ಅದೂ ಅವನಿಗೆ ತಿಳಿಯಲಿಲ್ಲ. ದಾಸವಾಳದ ಎಸಳು ಹಿಂಡಿ ಎರಡಕ್ಕೂ ರಸ ಬಿಟ್ಟರು. ಎರಡೂ ಒಂದೇ ಕೆಂಪಾದವು.

"ಇದರಾಗ ದೊಡ್ಡದು ಯಾವುದು?"

ಈರಸಂಗ ನೋಡಿದ. ಬಗ್ಗಿ ನೋಡಿದ. ಲೋಟ ಎತ್ತಿ ಬೆಳಕಿಗೆ ಹಿಡಿದ.

"ಹೇಳಾಕ ಬರಂಗಿಲ್ರಿ."

"ಬಾಟ್ಲ್ಯಾಗ ಹೊಗಿ ಬಿಟ್ಟಾಂವ ಎಲ್ಲಿ ಹ್ವಾದ?"

"ನೀರಿನಾಗ ಅಂವ ಇಲ್ರಿ. ಇಬ್ಬರೂ ಇಲ್ಲ. ಇಂಥಾ ಪ್ರಬಲ ಆಮ್ಲ ಎಲ್ಲಾ ನೀರಿನಾಗ ಸಮಾನ. ಯಾರನ್ನೂ ಇನ್ನೊಬ್ಬರಕಿಂತ ಮ್ಯಾಲೆ ಏಳಾಕ ನೀರು ಬಿಡಂಗಿಲ್ಲ."

"ಹುಳಿ ಐತೋ ಇಲ್ಲೋ?"

"ಐತ್ರಿ."

"ಕೆಲಸ ಮಾಡತೈತೋ ಇಲ್ಲೋ?"

"ಮಾಡತೈತ್ರಿ."

"ಹಂಗಾರ ಕಳದದ್ದೇನು? ಬಾಟ್ಲಿ ಅಷ್ಟ."

ಹೇಳಿ ಅಜ್ಜಾರು ಎದ್ದು ಹೋದರು. ಮೊಣಕಾಲು ನೋವಿದ್ದರಿಂದ ಏಳುವುದು ಸ್ವಲ್ಪ ತಡವಾಯಿತು. ಈರಸಂಗ ಕೈ ಕೊಟ್ಟು ಎಬ್ಬಿಸಿದ. ಅಷ್ಟು ದಿನ ಅವನಿಗೆ ಅದು ಹೊಳೆದಿರಲಿಲ್ಲ.

ನಾಲ್ಕನೆಯ ದಿನ ಪೂಜೆ ಮುಗಿಸಿ ಅವನು ಅಡುಗೆಮನೆಯ ಒಳಗೆ ಹೋದ. ಏನೂ ಹೇಳಲಿಲ್ಲ. ಒಲೆಯ ಪಕ್ಕ ಕುಳಿತು, ಪರಾತದಿಂದ ಒಂದು ಮುದ್ದೆ ಹಿಟ್ಟು ತೆಗೆದುಕೊಂಡು ಬಡಿಯತೊಡಗಿದ.

ಬಾಳವ್ವ ನೋಡಿಯೂ ನೋಡದವಳಂತೆ ಇದ್ದಳು.

ಮೊದಲ ರೊಟ್ಟಿ ಹರಿಯಿತು. ಎರಡನೆಯದು ಹಲಗೆ ಬಿಟ್ಟು ಏಳಲಿಲ್ಲ. ಮೂರನೆಯದಕ್ಕೆ ಜಿಲ್ಲೆಯ ನಕಾಶೆಯ ಆಕಾರ ಬಂತು, ಎರಡು ತಾಲೂಕು ಆಚೆ ಬಿದ್ದವು. ಅದನ್ನು ಅವನೇ ತಿಂದ. ಮಧ್ಯಾಹ್ನದವರೆಗೆ ಏಳು ರೊಟ್ಟಿ ಬಡಿದ, ಏಳನ್ನೂ ಅವನೇ ತಿನ್ನಬೇಕಾಯಿತು. ಆ ಸಂಜೆ ಅವನು ಧ್ಯಾನಕ್ಕೆ ಬಂದು ಕೂರಲಾಗದೆ ನಿಂತೇ ಮಾಡಿದ.

ಐದನೆಯ ದಿನ ಮತ್ತೆ ಹೋದ. ನಾಲ್ಕು ರೊಟ್ಟಿ ಕೆಟ್ಟ ಮೇಲೆ ಬಾಳವ್ವನಿಗೆ ತಡೆಯಲಾಗಲಿಲ್ಲ. ಅವನಿಗೆ ಮರುಗಿ ಅಲ್ಲ, ಹಿಟ್ಟಿಗೆ ಮರುಗಿ.

"ತಾಳ ಇಲ್ದ ಬಡದ್ರ ರೊಟ್ಟಿ ತಿರಗಂಗಿಲ್ಲ," ಎಂದಳು. ಒಂದು ವಾರದಲ್ಲಿ ಅವನ ಕಡೆ ಬಂದ, ಸೌಟು ಜೊತೆಗಿಲ್ಲದ ಮೊದಲ ಮಾತು.

"ತಾಳ ಹೆಂಗಬೇ ಯವ್ವಾ?"

ಬಾಳವ್ವ ಅವನನ್ನು ದಿಟ್ಟಿಸಿದಳು. ತಾಳ ಬಾಯಿಮಾತಿನಲ್ಲಿ ಹೇಳುವ ವಸ್ತುವಲ್ಲ. ಹೇಳಬೇಕೆಂದರೆ ಹಾಡಬೇಕು. ಹಾಡಿದರೆ ಎದುರಿಗೆ ಇವನೇ ಕುಳಿತಿದ್ದಾನೆ. ಹಂಚಿನ ಮೇಲಿನ ರೊಟ್ಟಿ ಸೀಯುವ ತನಕ ಅವಳು ಯೋಚಿಸಿದಳು. ಆಮೇಲೆ ಮುಖ ಗೋಡೆಯ ಕಡೆ ತಿರುಗಿಸಿ, ಬಹಳ ಮೆಲ್ಲಗೆ, ಒಂದು ಸಾಲು ಅಂದಳು.

"ಹಿಟ್ಟವ್ವ ನನ ಮಾತ ಕೇಳ, ತಟ್ಟಿದಂಗ ಅರಳ ಅರಳ..."

ಈರಸಂಗ ಹಾಗೆಯೇ ಅಂದ.

ಅವನು ಹಾಡಿದ್ದನ್ನು ಆಶ್ರಮದಲ್ಲಿ ಯಾರೂ ಕೇಳಿರಲಿಲ್ಲ. ಭಜನೆಯಲ್ಲಿ ಬಾಯಿ ಆಡಿಸುತ್ತಿದ್ದ ಅಷ್ಟೆ. ಖಾಲಿ ಹಂಡೆಯನ್ನು ಕಲ್ಲಿನ ಮೇಲೆ ಎಳೆದಂಥ ದನಿ. ಒಲೆಯ ಹತ್ತಿರ ಮಲಗಿದ್ದ ಬೆಕ್ಕು ಎದ್ದು ಹೊರಗೆ ಹೋಯಿತು.

ಬಾಳವ್ವ ಬಡಿಯುವುದನ್ನು ನಿಲ್ಲಿಸಿ ಅವನ ಕಡೆ ತಿರುಗಿದಳು.

"ತಮ್ಮಾ, ನಿನ್ನ ಸ್ವರ ಅರ್ಧ ಅಲ್ಲ. ಮೂರು ಇಳದಾವ."

ಈರಸಂಗ ಬಾಯಿ ತೆರೆದ. ಹೇಳಲು ಅವನ ಹತ್ತಿರ ಬಹಳ ಇತ್ತು. ಗಂಟಲಿನ ರಚನೆ ಇತ್ತು, ಶ್ರುತಿಯ ಲೆಕ್ಕ ಇತ್ತು, ಮೂರು ಸ್ವರ ಇಳಿದರೆ ಅದನ್ನು ಹೇಗೆ ಅಳೆಯಬೇಕು ಎಂಬುದೂ ಇತ್ತು. ಕೈಯಲ್ಲಿದ್ದ ಹಿಟ್ಟನ್ನು ನೋಡಿದ.

"ಹೌದಬೇ," ಎಂದ. "ಎತ್ತಿ ಕೊಡು."

ಬಾಳವ್ವನಿಗೆ ನಗು ಬಂತು. ತಡೆದಳು. ಮತ್ತೂ ಬಂತು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕಣ್ಣೀರು ಬರುವ ತನಕ ನಕ್ಕಳು, ಕಣ್ಣೊರೆಸಿಕೊಂಡು ಎತ್ತಿ ಕೊಟ್ಟಳು. ಅವನು ಇಳಿಸಿದ. ಅವಳು ಮತ್ತೆ ಎತ್ತಿ ಕೊಟ್ಟಳು.

ಆಮೇಲಿನ ದಿನಗಳಲ್ಲಿ ಆಶ್ರಮಕ್ಕೆ ಬಂದವರಿಗೆ ಅಡುಗೆಮನೆಯಿಂದ ಎರಡು ದನಿ ಕೇಳಿಸುತ್ತಿತ್ತು. ಟೊಪ್ಪಿಗೆಯ ಮಾಸ್ತರು ಒಮ್ಮೆ ಬಂದು, ಒಳಗೆ ಯಾರಿಗಾದರೂ ಹೊಟ್ಟೆನೋವೇ ಎಂದು ವಿಚಾರಿಸಿದರು. ಅವರ ದನಿ ಕೇಳಿ ಈರಸಂಗ ಹೊರಗೆ ಬಂದ. ಅಂದು ನಾನು ನಿಮಗೆ ಹಾಗೆ ಅನ್ನಬಾರದಿತ್ತು ಎಂದ. ಮುಂದೆ ಏನಾದರೂ ಸೇರಿಸುತ್ತಾನೇನೋ ಎಂದು ಮಾಸ್ತರು ಸ್ವಲ್ಪ ಹೊತ್ತು ಕಾದರು. ಏನೂ ಸೇರಿಸಲಿಲ್ಲ. ಎರಡು ರೊಟ್ಟಿ ತಂದುಕೊಟ್ಟು ಒಳಗೆ ಹೋದ. ಮಾಸ್ತರು ಟೊಪ್ಪಿಗೆ ತೆಗೆದು ಊಟಕ್ಕೆ ಕುಳಿತರು.

ಅಮಾವಾಸ್ಯೆ ಬಂತು.

ಈರಸಂಗ ಬೆಳಗ್ಗೆ ಚಾಪೆ ಸುತ್ತಿದ. ಬಟ್ಟೆ ಕಟ್ಟಿಕೊಂಡ. ಬಾಳವ್ವ ಹಾಡುತ್ತಿದ್ದಳು ನಿಜ, ಅವನಿಗೆ ಕಲಿಸುತ್ತಿದ್ದಳು ಅದೂ ನಿಜ. ಆದರೆ ಇರು ಎಂದು ಅವಳು ಒಂದು ಸಲವೂ ಅಂದಿರಲಿಲ್ಲ. ಹಾಗೆ ಅನ್ನು ಎಂದು ಕೇಳುವುದಕ್ಕೆ ಅವನಿಗೆ ಮನಸ್ಸಾಗಲಿಲ್ಲ. ಮೊದಲಾಗಿದ್ದರೆ ಕೇಳುತ್ತಿದ್ದ, ಕಾಗದದ ಮೇಲೆ ಬರೆದುಕೊಂಡು ಹೋಗಿ ಕೇಳುತ್ತಿದ್ದ.

ನೂರೆಂಟು ತಂಬಿಗೆ ಸುರಿದು ಬಂದು ಚೀಲವನ್ನು ಅಡುಗೆಮನೆಯ ಬಾಗಿಲಿಗೆ ಇಟ್ಟ. ಬಸ್ಸಿಗೆ ಇನ್ನೂ ಹೊತ್ತಿತ್ತು. ಅಮಾವಾಸ್ಯೆಗೆ ಜನ ಹೆಚ್ಚು, ಬಾಳವ್ವ ಒಬ್ಬಳೇ ನೂರೈವತ್ತು ರೊಟ್ಟಿ ಬಡಿಯಬೇಕು. ಆಗುವಷ್ಟು ಬಡಿದುಕೊಟ್ಟು ಹೋಗೋಣವೆಂದು ಕುಳಿತ.

ಬಾಳವ್ವ ಚೀಲ ನೋಡಿದಳು. ಎಲ್ಲಿಗೆ ಎಂದು ಕೇಳಲಿಲ್ಲ. ಬೇಕಿದ್ದರೆ ಅವನೇ ಹೇಳಲಿ ಎಂದು ಹಾಡನ್ನು ಎತ್ತಿಕೊಂಡಳು. ಅವನೂ ಹೇಳಲಿಲ್ಲ, ಹಾಡಿದ.

ಏಳಕ್ಕೆ ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು.

ಈರಸಂಗನಿಗೆ ಕೇಳಿಸಲಿಲ್ಲ. ಅವನ ಕೈಯಲ್ಲಿ ಒಂದು ರೊಟ್ಟಿ ಮೊದಲ ಸಲ ತಾನಾಗಿ ತಿರುಗುತ್ತಿತ್ತು. ಅವನು ಕಣ್ಣು ಎತ್ತದೆ ಅದನ್ನೇ ನೋಡುತ್ತಿದ್ದ.

ಬಾಳವ್ವನಿಗೆ ಕೇಳಿಸಿತು. ಹಿಟ್ಟಿನ ಕೈಯಲ್ಲೇ ಎದ್ದು ಓಡಿದಳು.

ಅಜ್ಜಾರು ಪಡಸಾಲೆಯಲ್ಲಿ ಕುಳಿತಿದ್ದರು. ಮುಂದೆ ತಟ್ಟೆಯಲ್ಲಿ ವಿಭೂತಿ, ಒಂದು ಹೊಸ ಕಾವಿ ಬಟ್ಟೆ. ಬಾಳವ್ವನಿಗೆ ಆ ತಟ್ಟೆ ಕಾಣಲಿಲ್ಲ. ಅವಳು ಏದುಸಿರು ಬಿಡುತ್ತಿದ್ದಳು. ಬಸ್ಸು ಬಂದಿದೆ ಎಂದಳು. 'ಕಳಿಸಬೇಡಿ' ಎನ್ನಬೇಕೆಂದಿದ್ದವಳಿಗೆ ತಾನೇ ಹಿಡಿದ ಹಟ ನೆನಪಾಯಿತು.

"ಕಳಸ್ತೀರೇನ್ರಿ ಅಜ್ಜಾರ?"

"ಯಾರನ್ನ?"

"ಅವನ್ನರೀ. ಬಂಗಾರದ ಪದಕದಾಂವನ್ನ. ಅಂವ ಇದ್ರ ನಾ ಇರಂಗಿಲ್ಲ ಅಂದಿದ್ದೆನಲ್ಲ."

ಬಸ್ಸು ಇನ್ನೊಂದು ಸಲ ಹಾರ್ನ್ ಹಾಕಿ ಹೊರಟಿತು. ಅಡುಗೆಮನೆಯಿಂದ ಒಂದೇ ದನಿ ಬರುತ್ತಿತ್ತು, ಮೂರು ಸ್ವರ ಕೆಳಗೆ.

ಅಜ್ಜಾರು ಅತ್ತ ಕಿವಿಗೊಟ್ಟು ಸ್ವಲ್ಪ ಹೊತ್ತು ಕೇಳಿದರು.

"ಆ ಪದಕದಾಂವ ಹೋಗಿ ನಾಕ ದಿನ ಆತಲ್ಲವ್ವಾ."